ಸ್ಪಷ್ಟನೆ: ಬೆಲ್ಲ ಸುರಿದರೆ ಸಿಗಡಿ ಹೊಂಡದ ನೀರು ಸ್ಥಿರವಾಗುವುದೇ?

ಕಾರವಾರ, ಅಂಕೋಲಾ, ಕುಮಟಾ ಭಾಗದ ಸಿಗಡಿ ಕೃಷಿಕರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ಬೆಲ್ಲದ ನೀರು ಸುರಿದಷ್ಟೂ ಉಪಯುಕ್ತ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚಿ ಹೊಂಡ ಸ್ಥಿರವಾಗುತ್ತದೆ, ಅವನ್ನು ತಿನ್ನುವ ಏಕಕೋಶ ಜೀವಿಗಳನ್ನು ಮಾತ್ರ ಔಷಧ ಹಾಕಿ ಕೊಲ್ಲಬೇಕು ಎಂದು. ಇದರ ಎರಡು ಭಾಗಗಳೂ ತಪ್ಪು.

ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಅವು ನಿರಂತರ ವಿಭಜನೆಯಾಗುತ್ತಿದ್ದರೂ ಸಂಖ್ಯೆ ಕೈಮೀರದಿರಲು ಮುಖ್ಯ ಕಾರಣ, ಅವನ್ನು ತಿನ್ನುವ ಏಕಕೋಶ ಜೀವಿಗಳು ಮತ್ತು ಬ್ಯಾಕ್ಟೀರಿಯಾಗಳನ್ನು ಒಡೆಯುವ ಫೇಜ್ ಎಂಬ ವೈರಸ್‌ಗಳು. ಹೇರಳವಾಗಿ ಬೆಳೆದ ತಳಿಗೇ ಫೇಜ್ ಹೆಚ್ಚು ತಗಲುವುದರಿಂದ, ನಿಧಾನವಾಗಿ ಬೆಳೆಯುವ ತಳಿಗಳಿಗೂ ಜಾಗ ಉಳಿಯುತ್ತದೆ.

ಹಾಗೆಂದು ಭಕ್ಷಕವಿದ್ದ ಮಾತ್ರಕ್ಕೆ ಎಲ್ಲವೂ ಸಮತೋಲನದಲ್ಲಿರುತ್ತದೆ ಎಂದಲ್ಲ. ರಷ್ಯಾದ ಜೀವವಿಜ್ಞಾನಿ ಗೌಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಡಿಡಿನಿಯಂ ಎಂಬ ಏಕಕೋಶ ಜೀವಿ, ಬ್ಯಾಕ್ಟೀರಿಯಾ ತಿನ್ನುವ ಪ್ಯಾರಮೀಸಿಯಂ ಎಂಬ ಇನ್ನೊಂದು ಏಕಕೋಶ ಜೀವಿಗಳನ್ನೆಲ್ಲ ತಿಂದು ಮುಗಿಸಿ, ಬಳಿಕ ತಾನೂ ಹಸಿವಿನಿಂದ ನಾಶವಾಯಿತು. ಬೇಟೆಗೆ ಪೋಷಣೆ ಹೆಚ್ಚಿಸಿದರೆ ಎರಡರ ಸಂಖ್ಯೆಯ ಏರಿಳಿತವೂ ಹಿಗ್ಗಬಹುದೆಂದು ಪರಿಸರ ವಿಜ್ಞಾನಿ ರೋಸೆನ್‌ಜ್ವೈಗ್ 1971ರಲ್ಲಿ ಗಣಿತದಿಂದ ತೋರಿಸಿದರು. 1973ರಲ್ಲಿ ಲಕಿನ್‌ಬಿಲ್ ಎಂಬ ವಿಜ್ಞಾನಿ, ಈ ಜೀವಿಗಳಿದ್ದ ದ್ರವವನ್ನು ಮಂದಗೊಳಿಸಿ ಅವುಗಳ ಚಲನೆಯನ್ನು ನಿಧಾನಿಸಿ, ಪ್ಯಾರಮೀಸಿಯಂನ ಆಹಾರವನ್ನೂ ತಗ್ಗಿಸಿದಾಗ ಇದೇ ಜೋಡಿ ಬಹುಕಾಲ ಒಟ್ಟಿಗೆ ಬಾಳಿತು. ಬೆಲ್ಲ ಸುರಿಯುವವರು ಮಾಡುವುದು ಇದಕ್ಕೆ ತದ್ವಿರುದ್ಧ.

ಬೆಲ್ಲವೇ ಬೇಡವೆಂದಲ್ಲ, ಅಮೋನಿಯಾ ತಗ್ಗಿಸಲು ಅದನ್ನು ಅಳತೆಯಿಂದ, ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸುತ್ತ ಬಳಸುವ ಪದ್ಧತಿ ಇದೆ. ಅಳತೆ ಮೀರಿದರೆ ಬ್ಯಾಕ್ಟೀರಿಯಾಗಳೇ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತವೆ. ಭಕ್ಷಕಗಳನ್ನು ಕೊಂದರೆ, ಅವು ತಿಂದು ಹೊರಹಾಕುವ ಸಾರಜನಕ, ರಂಜಕಗಳು ಪಾಚಿಗೆ ಮರಳುವ ದಾರಿಯೂ ಕುಗ್ಗುತ್ತದೆ.