ಅರಮನೆ ಯಾರದಾದರೂ ಆಗಲಿ, ಚಿತ್ರ ಯಾರದು?

ಅರಮನೆಯೊಳಗೆ ಮಾಡಿರುವ ಚಿತ್ರಶಾಲೆಗಳ ಬಗ್ಗೆ ನನಗೊಂದು ತಕರಾರಿದೆ. ಒಳಗೆ ಹೋದವರು ಹೊರಗೆ ಬರುವಾಗ ರಾಜರನ್ನು ಹೊಗಳುತ್ತಾ ಬರುತ್ತಾರೆ. ಚಿತ್ರ ಬರೆದವರ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ಬೆಂಗಳೂರಿನ ಮನೆಗೆ ನೆಂಟರು ಬಂದರು ಅಂದರೆ ಮೈಸೂರು ಟ್ರಿಪ್ ಇದ್ದದ್ದೇ. ಅರಮನೆ, ಬೆಟ್ಟ, ಜೂ. ಟೈಮ್ ಉಳಿದರೆ ಜಗನ್ಮೋಹನ ಅರಮನೆ. ಇದನ್ನು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ, ಹೊಸದು ಏಳುವವರೆಗೂ ರಾಜಮನೆತನಕ್ಕೆ ಇದೇ ಮನೆ. 1915ರಲ್ಲಿ ಚಿತ್ರಶಾಲೆಯಾಯಿತು. ಆದರೆ ಒಳಗೆ ಜನ ಮುತ್ತಿಕೊಳ್ಳುವುದು ಎಲ್ಲಿ ಗೊತ್ತಾ? ಪುಟಾಣಿ ಸೈನಿಕರು ಗಂಟೆಗೊಮ್ಮೆ ಪರೇಡ್ ಮಾಡುವ ಫ್ರೆಂಚ್ ಗಡಿಯಾರದ ಹತ್ತಿರ. ಅಕ್ಕಿಕಾಳಿನ ಮೇಲೆ ಬಿಡಿಸಿದ ಚಿತ್ರದ ಹತ್ತಿರ. ಮತ್ತೆ, ದೀಪ ಹಿಡಿದ ಹೆಂಗಸಿನ ಆ ಚಿತ್ರದ ಮುಂದೆ.

ಆ ಹೆಂಗಸಿನ ಮುಂದೆ ನಮ್ಮ ದೊಡ್ಡಮ್ಮ ನಿಂತಿದ್ದು ಇನ್ನೂ ನೆನಪಿದೆ. ಮೊದಲು ಚಿತ್ರ ನೋಡಿದರು, ಆಮೇಲೆ ಚೌಕಟ್ಟಿನ ಪಕ್ಕಕ್ಕೆ ಹೋಗಿ ಗೋಡೆ ಸಂದಿಯಲ್ಲಿ ಇಣುಕಿದರು. 'ಹಿಂದ್ಗಡೆ ಎಲ್ಲೋ ಬಲ್ಬ್ ಇಟ್ಟಿದ್ದಾರೆ ಕಣೋ' ಅಂದರು. ಬಲ್ಬೂ ಇಲ್ಲ, ಗಿಲ್ಬೂ ಇಲ್ಲ. ಗಾಳಿಗೆ ಆರದ ಹಾಗೆ ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ. ಬೆಳಕು ಬೆರಳುಗಳೊಳಗಿಂದ ಕೆಂಪಗೆ ತೂರಿ ಬರುತ್ತದೆ, ಮುಖದ ಮೇಲೆ ಬೀಳುತ್ತದೆ, ಸೀರೆಗೆ ಇಳಿಯುವಷ್ಟರಲ್ಲಿ ಮಂಕಾಗುತ್ತದೆ. ಇದು ತೈಲವರ್ಣ ಅಲ್ಲ, ಜಲವರ್ಣ. ಬಣ್ಣ ಹೆಚ್ಚಾದರೆ ಮೇಲೊಂದು ಕೋಟ್ ಹೊಡೆದು ಮುಚ್ಚುವ ಹಾಗಿಲ್ಲ.

'ರವಿವರ್ಮಂದೇ ಅಲ್ವಾ ಇದು?' ಪಕ್ಕದಲ್ಲಿದ್ದವರು ಕೇಳಿದರು. ಎಲ್ಲರೂ ಕೇಳುವುದು ಇದನ್ನೇ. ಅಲ್ಲ ಸ್ವಾಮಿ. ಬರೆದವರು ಎಸ್.ಎಲ್. ಹಲ್ದಂಕರ್, ಸಾವಂತವಾಡಿ ಕಡೆಯವರು. ಸ್ವಂತ ಮಗಳ ಕೈಗೇ ದೀಪ ಕೊಟ್ಟು ನಿಲ್ಲಿಸಿ ಬರೆದದ್ದು. ಆದರೆ ಅರಮನೆ, ಸೀರೆ, ದೀಪ ಮೂರೂ ಒಂದೇ ಕಡೆ ಕಂಡರೆ ನಮ್ಮ ಜನಕ್ಕೆ ರವಿವರ್ಮನೇ ಆಗಬೇಕು. ಪಾಪ ಹಲ್ದಂಕರ್.

ಈಗ ನಮ್ಮೂರಿಗೆ ಬನ್ನಿ. ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಮ್ಯಾನ್ಷನ್ ಇದೆ. ಹಿಂದೆ ಮೈಸೂರು ಯುವರಾಜರದ್ದಾಗಿತ್ತು, ಆಮೇಲೆ ಗಣಿ ಮಾಲೀಕರಾದ ಮಾಣಿಕ್ಯವೇಲು ಮೊದಲಿಯಾರ್ ಕೊಂಡರು. ಕೊನೆಗೆ ಸರ್ಕಾರದ ಪಾಲಾಗಿ, 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇಲ್ಲಿ ಬಾಗಿಲು ತೆರೆಯಿತು. (ದೆಹಲಿಯಲ್ಲೂ ಇದೇ ಕಥೆ. ಅಲ್ಲಿ 1954ರಿಂದ ಈ ಗ್ಯಾಲರಿ ಇರುವುದು ಜೈಪುರದ ಮಹಾರಾಜರ ಬಂಗಲೆಯಲ್ಲಿ.) ಮೂರೂವರೆ ಎಕರೆ ಜಾಗ, ದೊಡ್ಡ ಮರಗಳು, ಹಳೇ ಮನೆಗೆ ಹೊಂದಿಕೊಂಡಂತೆ ಹೊಸ ಕಟ್ಟಡ. ಇಲ್ಲಿ ಸಿಂಹಾಸನ ಇಲ್ಲ, ಹುಲಿ ತಲೆ ಇಲ್ಲ, ದರ್ಬಾರು ಇಲ್ಲ. ಹೊಗಳೋಣ ಅಂದರೂ ರಾಜರ ಸಾಮಾನೇ ಇಲ್ಲ! ಹಾಗಾಗಿ ಬೇರೆ ದಾರಿ ಇಲ್ಲದೆ ಚಿತ್ರ ನೋಡಬೇಕಾಗುತ್ತದೆ. ಕೋಣೆಗಳು ಮನೆಯ ಅಳತೆಯವು. ಚಿತ್ರ ಮುಖದ ಹತ್ತಿರಕ್ಕೇ ಬರುತ್ತದೆ. ಅರಮನೆಯನ್ನು ಚಿತ್ರಶಾಲೆ ಮಾಡುವುದಾದರೆ ಹೀಗೇ ಮಾಡಬೇಕು ಅನ್ನುವುದು ನನ್ನ ವಾದ.

ಇದನ್ನು ಗೆಳೆಯನ ಹತ್ತಿರ ಹೇಳಿದೆ. ಉರಿದುಬಿದ್ದ. 'ರಾಜರು ದುಡ್ಡು ಕೊಡದೆ ಇದ್ದಿದ್ದರೆ ನಿನ್ನ ಚಿತ್ರಗಳು ಎಲ್ಲಿರುತ್ತಿದ್ದವು ಮಾರಾಯ?' ಮಾತು ಸುಳ್ಳಲ್ಲ. ಕೆ. ವೆಂಕಟಪ್ಪನವರನ್ನೇ ತಗೊಳ್ಳಿ. ಮೈಸೂರಿನ ಚಿತ್ರಗಾರರ ಮನೆತನದ ಹುಡುಗ ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತದ್ದು ನಾಲ್ವಡಿಯವರ ಕಾಲದಲ್ಲಿ, ಮೈಸೂರಿನ ದುಡ್ಡಿನಲ್ಲೇ. ಅದನ್ನು ಯಾರೂ ಅಲ್ಲಗಳೆಯಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲ್ಲವಲ್ಲ. ಅದೇ ವೆಂಕಟಪ್ಪ ಮೈಸೂರು ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರ ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಕೆಲಸ ನಿಂತಿತು. ಮಾಡಿದ ಕೆಲಸಕ್ಕೆ ಬರಬೇಕಾದ ಹಣಕ್ಕಾಗಿ ವೆಂಕಟಪ್ಪ ಕೋರ್ಟಿಗೆ ಹೋದರು. ಅದೂ ಯಾರ ಮೇಲೆ? ಅರಮನೆ ಮೇಲೆ! ಮದುವೆ ಮಾಡಿಕೊಳ್ಳದೆ, ವೀಣೆ ನುಡಿಸಿಕೊಂಡು, ತಮ್ಮ ಪಾಡಿಗೆ ತಾವು ಇದ್ದ ಮನುಷ್ಯ. 'ಇದು ನನ್ನ ದುಡಿಮೆ, ಇದರ ಬೆಲೆ ಕೊಡಿ' ಅಂತ ಕೇಳಲು ಎಂಥ ಗುಂಡಿಗೆ ಬೇಕು ಯೋಚನೆ ಮಾಡಿ. ರಾಜಾಶ್ರಯ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವಲ್ಲ, ಅದರಲ್ಲಿ ಕೂಲಿಯ ಲೆಕ್ಕವೂ ಇತ್ತು, ಜಗಳವೂ ಇತ್ತು.

ಹಾಗಂತ ಮೈಸೂರಿಗೆ ಹೋಗಬೇಡಿ ಅನ್ನುತ್ತಿಲ್ಲ. ಹೋಗಿ, ಗಡಿಯಾರವನ್ನೂ ನೋಡಿ. ಹಾಗೇ ಚೌಕಟ್ಟಿನ ಪಕ್ಕದ ಚೀಟಿಯಲ್ಲಿ ಬರೆದವರ ಹೆಸರನ್ನೂ ಓದಿ. ಬೆಂಗಳೂರಿನವರಾದರೆ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನೂ, ಅರಮನೆ ರಸ್ತೆಯ ಬಂಗಲೆಯನ್ನೂ ಒಂದೇ ದಿನ ಆರಾಮಾಗಿ ಮುಗಿಸಬಹುದು. ಸೋಮವಾರ ಮಾತ್ರ ಬೇಡ, ಬಂಗಲೆಗೆ ರಜೆ.