ಗುಂಗುರು ಕೂದಲಿಗೆ ಕೊಪ್ಪಳದ ಅಗಸೆ, ಬರ್ಲಿನ್ನಿನ ಕಾನೂನು

ಕೂದಲಿಗೂ ಬೆಲೆ ಇದೆ ಎಂದು ಭಾಗ್ಯನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಪ್ಪಳಕ್ಕೆ ಅಂಟಿಕೊಂಡಿರುವ ಈ ಊರಿನಲ್ಲಿ ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲೂ ಸರಕೇ. ಓಣಿ ಓಣಿ ತಿರುಗಿ ಕೂಡಿಸಿ ತಂದ ಉಂಡೆಗಳ ಸಿಕ್ಕನ್ನು ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಬಿಡಿಸುತ್ತಾರೆ, ಉದ್ದ ನೋಡಿ ವಿಂಗಡಿಸುತ್ತಾರೆ, ಅದು ಹೊರದೇಶಗಳಿಗೆ ಹೋಗುತ್ತದೆ. ಕೂದಲನ್ನು ಇಷ್ಟು ಬಲ್ಲ ಊರಿನಲ್ಲೇ ತಲೆಗೆ ಏನು ಹಚ್ಚಬೇಕೆಂದು ಈಗ ನಿರ್ಧರಿಸುತ್ತಿರುವುದು ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದಂತೆ ಕಟ್ಟಿದ ಶಾಂಪೂ ಪೊಟ್ಟಣಗಳು.

ನಾನು ಸಂಸಾರ ಹೂಡಿರುವುದು ಬರ್ಲಿನ್‌ನಲ್ಲಿ. ನನ್ನದೂ ಗುಂಗುರು ಕೂದಲು, ಮಗಳದೂ ಗುಂಗುರು. ಕೊಪ್ಪಳದಲ್ಲಿರುವ ಅಕ್ಕನ ಮಗಳದು ನಮ್ಮಿಬ್ಬರದಕ್ಕಿಂತ ಬಿಗಿಯಾದ ಸುರುಳಿ. ಎರಡೂ ಊರುಗಳ ಬಚ್ಚಲು ಕಂಡವಳಾಗಿ ನನಗೆ ಅನಿಸುವುದು ಇಷ್ಟು: ಪರಿಸರಕ್ಕೆ ಹೊರೆಯಾಗದ ಸಾಮಗ್ರಿಯ ವಿಷಯದಲ್ಲಿ ಕೊಪ್ಪಳ ಮುಂದಿದೆ, ತಯಾರಕನ ಬಾಯಿಂದ ನಿಜ ಹೇಳಿಸುವ ವಿಷಯದಲ್ಲಿ ಬರ್ಲಿನ್ ಮುಂದಿದೆ. ನಮ್ಮವರು ಮೊದಲನೆಯದನ್ನು ಕೈಬಿಡುತ್ತಿದ್ದಾರೆ, ಎರಡನೆಯದನ್ನು ಕೇಳುತ್ತಲೇ ಇಲ್ಲ.

ಗುಂಗುರು ಕೂದಲಿನ ಕಷ್ಟ ಒಣಗುವುದು. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ಪ್ರತಿ ತಿರುವಿನಲ್ಲೂ ತಡೆಯುತ್ತದೆ. ಬುಡ ಜಿಡ್ಡು, ತುದಿ ಒಣಕಲು. ಅದಕ್ಕೆ ಸಲ್ಫೇಟ್ ಎಂಬ ನೊರೆಕಾರಕ ಇರುವ ಕಟುವಾದ ಶಾಂಪೂ ಹಾಕಿದರೆ ಇದ್ದಬದ್ದ ಜಿಡ್ಡೂ ಹೋಗಿ ಕೂದಲು ಬಿರುಸಾಗುತ್ತದೆ. ಬಿರುಸು ಮುಚ್ಚಲು ಸಿಲಿಕೋನ್ ತುಂಬಿದ ಕಂಡಿಷನರ್ ಬರುತ್ತದೆ. ಆ ಸಿಲಿಕೋನ್ ಪೊರೆ ಬರಿಯ ನೀರಿಗೆ ಹೋಗುವುದಿಲ್ಲ, ಅದನ್ನು ತೆಗೆಯಲು ಮತ್ತೆ ಅದೇ ಕಟುವಾದ ಶಾಂಪೂ ಬೇಕು. ಒಂದು ಬಾಟಲಿ ಮಾಡಿದ ಗಾಯಕ್ಕೆ ಇನ್ನೊಂದು ಬಾಟಲಿ ಮುಲಾಮು ಮಾರುತ್ತದೆ. ಗುಂಗುರು ಕೂದಲಿನವರು ಉಳಿದವರಿಗಿಂತ ಹೆಚ್ಚು ಬಾಟಲಿ ಖಾಲಿ ಮಾಡುವುದು ಇದೇ ಕಾರಣಕ್ಕೆ, ಮತ್ತು ನಾವೇ ಹೆಚ್ಚು ಯೋಚಿಸಬೇಕಾದದ್ದೂ ಇದೇ ಕಾರಣಕ್ಕೆ.

ತಲೆಯಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಬರ್ಲಿನ್‌ನಲ್ಲಿ ಬೇಗ ಎದುರಾಗುತ್ತದೆ. ಈ ನಗರ ಕುಡಿಯುವ ನೀರಿನ ಬಹುಪಾಲು ಸ್ಪ್ರೇ ಮತ್ತು ಹಾವೆಲ್ ನದಿ, ಕೆರೆಗಳ ದಂಡೆಯ ಮರಳಿನಲ್ಲಿ ಸೋಸಿ ಬಂದ ಅಂತರ್ಜಲ. ಶುದ್ಧೀಕರಿಸಿದ ಕೊಳಚೆ ನೀರು ಸೇರುವುದೂ ಅದೇ ಜಲಮೂಲಗಳನ್ನು. ಯುರೋಪಿನ ಒಕ್ಕೂಟ ಈ ವಿಷಯದಲ್ಲಿ ಹಂತ ಹಂತವಾಗಿ ಬಿಗಿ ಹಿಡಿದಿದೆ. ಡಿ4, ಡಿ5 ಎಂಬ ಸಿಲಿಕೋನ್‌ಗಳು ನೀರಿನಲ್ಲಿ ಬೇಗ ಕೊಳೆಯದೆ ಉಳಿಯುತ್ತವೆ ಎಂಬ ಕಾರಣಕ್ಕೆ, ಹಚ್ಚಿ ತೊಳೆಯುವ ಪ್ರಸಾಧನಗಳಲ್ಲಿ ಅವು ತೂಕದ ಶೇ 0.1ರಷ್ಟೂ ಇರಬಾರದೆಂಬ ನಿಯಮ 31 ಜನವರಿ 2020ರಂದು ಜಾರಿಗೆ ಬಂತು. 2024ರಲ್ಲಿ ಡಿ6 ಅನ್ನೂ ಸೇರಿಸಿ, ತೊಳೆಯದೆ ಬಿಡುವ ಸೀರಮ್, ಕ್ರೀಮುಗಳಿಗೂ ನಿಯಮವನ್ನು ವಿಸ್ತರಿಸಿದರು. ಅವುಗಳಿಗೆ 2027ರವರೆಗೆ ಗಡುವು. ಬೇಕೆಂದೇ ಬೆರೆಸುವ ಸೂಕ್ಷ್ಮ ಪ್ಲಾಸ್ಟಿಕ್ ಮೇಲಿನ ನಿರ್ಬಂಧ 2023ರದು. ಡೈಮೆಥಿಕೋನ್ ಎಂಬ ಇನ್ನೊಂದು ಸಿಲಿಕೋನ್ ಈಗಲೂ ಧಾರಾಳವಾಗಿ ಮಾರಾಟವಾಗುತ್ತದೆ, ಆದ್ದರಿಂದ ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಲಾರೆ. ಆದರೂ ಬಾಟಲಿಯ ಬೆನ್ನು ಓದಿದವರಿಗೆ ಒಳಗೇನಿದೆ ಎಂದು ತಿಳಿಯುತ್ತದೆ. ಪುರಾವೆ ಇಲ್ಲದೆ ‘ಪರಿಸರಸ್ನೇಹಿ’ ಎಂದು ಬರೆದುಕೊಳ್ಳುವುದನ್ನು 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುವ ಕಾನೂನು ತಡೆಯುತ್ತದೆ.

ಕೊಪ್ಪಳದ ಹಳೆಯ ಮನೆಗಳಲ್ಲಿ ಈ ಪ್ರಶ್ನೆಗೆ ಕಾನೂನಿನ ನೆರವೇ ಬೇಡ. ಬಚ್ಚಲಿನ ನೀರು ಹಿತ್ತಲಿಗೆ ಹೋಗಿ ಬಾಳೆಗೂ ದಾಸವಾಳಕ್ಕೂ ಸೇರುತ್ತದೆ. ಏನು ಸುರಿದೆವೋ ಅದನ್ನು ಗಿಡ ಕುಡಿಯುವುದು ಕಣ್ಣಿಗೇ ಕಾಣುತ್ತದೆ. ಹೊಸ ಬಡಾವಣೆಗಳಲ್ಲಿ ಹಿತ್ತಲೂ ಇಲ್ಲ, ಬಾಳೆಯೂ ಇಲ್ಲ. ನೊರೆ ನೇರವಾಗಿ ಚರಂಡಿಗೆ. ಅದರ ಜೊತೆಗೆ ಹರಿದ ಪೊಟ್ಟಣವೂ. ಹಲವು ಪದರಗಳನ್ನು ಅಂಟಿಸಿ ಮಾಡಿದ ಆ ಹಾಳೆಯನ್ನು ಗುಜರಿಯವನೂ ಮುಟ್ಟುವುದಿಲ್ಲ, ಯಾಕೆಂದರೆ ಪದರಗಳನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಲಾಭದ ಕೆಲಸವಲ್ಲ. 2022ರ ಜುಲೈ 1ರಂದು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲೆ ಬಂದ ನಿಷೇಧದ ಪಟ್ಟಿಯಲ್ಲಿ ಶಾಂಪೂ ಪೊಟ್ಟಣ ಇಲ್ಲ. ಅದಕ್ಕಿಂತ ನನಗೆ ಸಿಟ್ಟು ಬರಿಸುವುದು ಇನ್ನೊಂದು ಸಂಗತಿ. ನಮ್ಮ ದೇಶದಲ್ಲೂ ಪ್ರಸಾಧನದ ಮೇಲೆ ಘಟಕಗಳ ಪಟ್ಟಿ ಅಚ್ಚಾಗಬೇಕು, ಆದರೆ 60 ಮಿಲಿಲೀಟರ್‌ಗಿಂತ ಚಿಕ್ಕ ದ್ರವದ ಪ್ಯಾಕಿಗೆ ವಿನಾಯಿತಿ. ಅಂದರೆ ದೊಡ್ಡ ಬಾಟಲಿ ಕೊಳ್ಳುವ ಶಕ್ತಿ ಇದ್ದವರಿಗೆ ಮಾತ್ರ ಒಳಗಿರುವುದನ್ನು ತಿಳಿಯುವ ಹಕ್ಕು. ಕೂಲಿಯ ದುಡ್ಡಿನಲ್ಲಿ ವಾರಕ್ಕೊಂದು ಪೊಟ್ಟಣ ಒಯ್ಯುವವಳ ಕೂದಲೂ ಕೂದಲೇ ಅಲ್ಲವೇ?

ಇನ್ನು ಅಗಸೆ. ಗುಂಗುರು ಕೂದಲನ್ನು ಹಿಡಿದು ನಿಲ್ಲಿಸುವ ಜೆಲ್‌ಗೆ ಬರ್ಲಿನ್ನಿನ ಅಂಗಡಿಗಳಲ್ಲಿ ತೆರುವ ಹಣದಲ್ಲಿ ಕೊಪ್ಪಳದ ಸಂತೆಯಲ್ಲಿ ಒಂದು ಚೀಲವನ್ನೇ ತುಂಬಿಸಿಕೊಳ್ಳಬಹುದು. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆಯ ಜೊತೆಗೆ ಬೆಳೆಯುವ ಕಾಳು ಇದು; ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕದಲ್ಲಿ ಎಲ್ಲರಿಗೂ ಗೊತ್ತು. ಕಾಲು ಬಟ್ಟಲು ಅಗಸೆಯನ್ನು ಎರಡು ಬಟ್ಟಲು ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕು. ಮೊದಲು ಬಿಳಿಯ ನೊರೆ ಏಳುತ್ತದೆ. ಆಮೇಲೆ ಸೌಟು ಎತ್ತಿದಾಗ ಲೋಳೆ ಎಳೆಯಾಗಿ ಇಳಿಯುತ್ತದೆ, ಎಳೆ ತುಂಡಾಗದೆ ಹಾಗೆಯೇ ನಿಂತಿತೆಂದರೆ ಆ ಕ್ಷಣಕ್ಕೇ ಇಳಿಸಬೇಕು. ಬಿಸಿ ಇರುವಾಗಲೇ ತೆಳುಬಟ್ಟೆಯಲ್ಲಿ ಸೋಸಬೇಕು. ತಣ್ಣಗಾದರೆ ಕಾಳು ಲೋಳೆಯನ್ನು ಬಿಡುವುದಿಲ್ಲ, ಬಟ್ಟೆ ಹಿಂಡಿ ಹಿಂಡಿ ಕೈ ಸೋಲುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಹೊರಗಿಟ್ಟರೆ ಬೇಗ ಹಳಸುತ್ತದೆ. ನೀರು ಇನ್ನೂ ತೊಟ್ಟಿಕ್ಕುವ ಕೂದಲಿಗೆ ಹಚ್ಚಿ, ಅಂಗೈಯಲ್ಲಿ ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ಹಿಂಡುತ್ತ ಹೋಗಬೇಕು. ಒಣಗಿದ ಮೇಲೆ ಗರಿಗರಿಯಾಗುತ್ತದೆ, ಅಂಗೈಗೆ ನಾಲ್ಕು ಹನಿ ಕುಸುಬೆ ಎಣ್ಣೆ ಸವರಿಕೊಂಡು ಮತ್ತೊಮ್ಮೆ ಹಿಂಡಿದರೆ ಸುರುಳಿ ಮೆತ್ತಗೆ ಬಿಡಿಸಿಕೊಳ್ಳುತ್ತದೆ. ಉಳಿದ ಕಾಳನ್ನು ಅವ್ವ ರೊಟ್ಟಿಯ ಹಿಟ್ಟಿಗೆ ಸೇರಿಸುತ್ತಾಳೆ. ಪೊಟ್ಟಣವೂ ಇಲ್ಲ, ಕಸವೂ ಇಲ್ಲ.

ಸೀಗೆಕಾಯಿಯನ್ನು ನಾನು ಇಷ್ಟು ನಿಸ್ಸಂಕೋಚವಾಗಿ ಹೊಗಳಲಾರೆ. ಅದು ನಮ್ಮ ಬಯಲುಸೀಮೆಯ ಬೆಳೆಯಲ್ಲ, ಮಲೆನಾಡಿನ ಕಡೆಯಿಂದ ಬರುತ್ತದೆ. ಪುಡಿಯನ್ನು ಹಾಗೆಯೇ ಹಾಕಿದರೆ ಸುರುಳಿಗಳ ಒಳಗೆ ತರಿ ಉಳಿದು ಬಾಚುವಾಗ ಕೂದಲು ಕಿತ್ತು ಬರುತ್ತದೆ. ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಸೋಸಿದ ನೀರನ್ನು ಮಾತ್ರ ಬಳಸುವುದು ಗುಂಗುರಿಗೆ ಸರಿ. ಅಂಟುವಾಳದ್ದೂ ಇದೇ ಕಥೆ. ಇವುಗಳಲ್ಲಿ ನೊರೆ ಕೊಡುವ ಸಪೋನಿನ್ ಮೀನುಗಳಿಗೆ ವಿಷ, ಆದ್ದರಿಂದ ಕೆರೆಯ ದಂಡೆಯಲ್ಲಿ ಕುಳಿತು ತಲೆ ತೊಳೆಯಬಾರದು. ಗಿಡದಿಂದ ಬಂದದ್ದೆಲ್ಲ ನಿರುಪದ್ರವಿ ಎಂಬ ನಂಬಿಕೆಯ ಮೇಲೆಯೇ ಎಷ್ಟೋ ಕಂಪನಿಗಳು ಹಸಿರು ಎಲೆಯ ಚಿತ್ರ ಅಚ್ಚು ಹಾಕಿಕೊಂಡು ಬದುಕಿವೆ.

ಎರಡೂ ಊರಿಗೆ ಸಮಾನವಾದ ಶತ್ರು ಗಡಸು ನೀರು. ಕೊಪ್ಪಳದ ಬೋರ್‌ವೆಲ್ ನೀರು ಹಂಡೆಯ ಒಳಗೆ ಬಿಳಿ ಹೊರಪದರ ಕಟ್ಟಿಸುತ್ತದೆ, ಬರ್ಲಿನ್ನಿನ ನಲ್ಲಿ ನೀರು ಚಹಾ ಕಾಯಿಸುವ ಪಾತ್ರೆಯಲ್ಲಿ ಅದನ್ನೇ ಮಾಡುತ್ತದೆ. ಇಂಥ ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟಾದ ಮಡ್ಡಿಯಾಗಿ ಕೂದಲಿಗೆ ಅಂಟುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಉಳಿಸಬೇಕೆಂದು ಬಿಲ್ಲೆ ಕೊಳ್ಳುವವರು ಅದು ಸಾಬೂನೋ ಶಾಂಪೂ ಬಿಲ್ಲೆಯೋ ಎಂದು ನೋಡಿಯೇ ಕೊಳ್ಳಬೇಕು. ಪಟ್ಟಿಯಲ್ಲಿ ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್ ಎಂದಿದ್ದರೆ ಅದು ಶಾಂಪೂ ಬಿಲ್ಲೆ, ಗಡಸು ನೀರಿಗೆ ಹೆದರುವುದಿಲ್ಲ. ಕೊನೆಯ ತಂಬಿಗೆಯ ನೀರಿಗೆ ಅರ್ಧ ಚಮಚ ನಿಂಬೆರಸ ಬೆರೆಸಿ ಸುರಿದುಕೊಂಡರೆ ಕೂದಲು ನುಣುಪಾಗುತ್ತದೆ. ಬರ್ಲಿನ್‌ನಲ್ಲಿ ಇದನ್ನೇ ಸೇಬಿನ ವಿನೆಗರ್‌ನಲ್ಲಿ ಮಾಡುತ್ತಾರೆ.

ತಂಬಿಗೆ ಎಂದೆ, ಅದನ್ನು ಕೀಳಾಗಿ ಕಾಣುವವರಿಗೆ ಒಂದು ಮಾತು. ಶಾಂಪೂ ಬಳಕೆಯಿಂದ ಹವಾಮಾನಕ್ಕೆ ಬೀಳುವ ಹೊರೆಯಲ್ಲಿ ದೊಡ್ಡ ಪಾಲು ಬಾಟಲಿಯದಲ್ಲ, ಸ್ನಾನದ ನೀರು ಕಾಯಿಸುವ ಇಂಧನದ್ದು. ಷವರ್ ನಿಮಿಷಕ್ಕೆ ಸುಮಾರು ಹತ್ತು ಲೀಟರ್ ಸುರಿಯುತ್ತದೆ. ಕೊಪ್ಪಳದಲ್ಲಿ ಬಕೆಟ್ ನೀರನ್ನು ಬಿಸಿಲಿಗಿಟ್ಟರೆ ಮಧ್ಯಾಹ್ನಕ್ಕೆ ತಲೆ ತೊಳೆಯುವಷ್ಟು ಬೆಚ್ಚಗಾಗುತ್ತದೆ, ಅದಕ್ಕಿಂತ ಹೆಚ್ಚು ಬಿಸಿ ಗುಂಗುರು ಕೂದಲಿಗೆ ಬೇಕಾಗಿಯೂ ಇಲ್ಲ. ವಾರಕ್ಕೆ ಒಂದೆರಡು ಸಲ ಸಾಕು. ಒರೆಸಲು ಹಳೆಯ ಹತ್ತಿ ಧೋತರ ಸಾಕು. ಬರ್ಲಿನ್ನಿನಲ್ಲಿ ಗುಂಗುರಿಗೆಂದೇ ಮಾರುವ ಮೈಕ್ರೋಫೈಬರ್ ಟವೆಲ್ ಒಗೆದಾಗಲೆಲ್ಲ ಪ್ಲಾಸ್ಟಿಕ್ ಎಳೆಗಳನ್ನು ಬಿಡುತ್ತದೆ.

ಅಕ್ಕನ ಮಗಳು ಕಳೆದ ಬಾರಿ ಕೇಳಿದಳು: “ಚಿಕ್ಕಮ್ಮಾ, ಅಲ್ಲಿಂದ ಒಳ್ಳೆಯ ಕಂಡಿಷನರ್ ತಂದುಕೊಡುತ್ತೀರಾ?” ತರುವುದಿಲ್ಲ ಎಂದೆ. ನೀರೇ ಹೆಚ್ಚಿರುವ ಬಾಟಲಿಯನ್ನು ವಿಮಾನದಲ್ಲಿ ಹೊತ್ತು ತರುವುದು ಯಾವ ಲೆಕ್ಕದಲ್ಲೂ ಪರಿಸರಸ್ನೇಹಿಯಲ್ಲ. ಹಾಗೆಯೇ ಕೊಪ್ಪಳದ ಅಗಸೆಯನ್ನು ನಾನು ಬರ್ಲಿನ್ನಿಗೆ ಒಯ್ಯುವುದೂ ಇಲ್ಲ, ಇಲ್ಲಿ ಮೂಲೆಯ ಅಂಗಡಿಯಲ್ಲೂ ಅಗಸೆ ಸಿಗುತ್ತದೆ. ಕೊಳ್ಳಲೇಬೇಕಾದಾಗ ಅವಳು ಪೊಟ್ಟಣದ ಬದಲು ಪಟ್ಟಿ ಅಚ್ಚಾದ ಬಾಟಲಿ ಕೊಳ್ಳಲಿ. ಪಟ್ಟಿಯ ಯಾವುದೇ ಘಟಕದ ಹೆಸರಿನ ಕೊನೆಯಲ್ಲಿ ‘ಕೋನ್’ ಅಥವಾ ‘ಸಿಲೋಕ್ಸೇನ್’ ಇದ್ದರೆ ಕೆಳಗಿಡಲಿ.

ಪರಿಸರಕ್ಕೆ ಹೊರೆಯಾಗದ ವಸ್ತುಗಳಿಗೆ ಸರ್ಕಾರ ಕೊಡುವ ಈಕೋಮಾರ್ಕ್ ಎಂಬ ಮುದ್ರೆ ಭಾರತದಲ್ಲಿ 1991ರಲ್ಲೇ ಬಂದಿತ್ತು, ಮಣ್ಣಿನ ಮಡಕೆ ಅದರ ಗುರುತು. 2024ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ಬರೆದಿದ್ದಾರೆ, ಸುಳ್ಳು ಹಸಿರು ಜಾಹೀರಾತಿಗೆ ಕಡಿವಾಣ ಹಾಕುವ ಮಾರ್ಗಸೂಚಿಯೂ ಅದೇ ವರ್ಷ ಹೊರಬಂದಿದೆ. ಕೊಪ್ಪಳದ ಯಾವ ಅಂಗಡಿಯಲ್ಲೂ ಶಾಂಪೂ ಮೇಲೆ ಆ ಮಡಕೆಯನ್ನು ನಾನು ಕಂಡಿಲ್ಲ. ಹೊಸ ಕಾನೂನು ಆಮೇಲೆ ಬರಲಿ, ಮೊದಲು ಆ 60 ಮಿಲಿಲೀಟರ್ ವಿನಾಯಿತಿ ಹೋಗಬೇಕು. ಗಾಣದ ಅಂಗಡಿಗೆ ನಮ್ಮದೇ ಬಾಟಲಿ ಒಯ್ದು ಎಣ್ಣೆ ತುಂಬಿಸಿಕೊಳ್ಳುವ ರೂಢಿ ನಮ್ಮ ಕಡೆ ಹಿಂದಿನಿಂದಲೂ ಇದೆ. ಶಾಂಪೂವನ್ನೂ ಕ್ಯಾನಿನಿಂದ ಅಳೆದು ಕೊಡಲಿ, ಕ್ಯಾನಿನ ಮೇಲೆ ಘಟಕಗಳ ಪಟ್ಟಿ ಕನ್ನಡದಲ್ಲಿರಲಿ. ಐದು ರೂಪಾಯಿಯದು ಕೇಳಿದವರಿಗೂ ಅಳೆದು ಕೊಡಲಿ.