ಗೋಳಗುಮ್ಮಟದಲ್ಲಿ ಕೂಗಬೇಡಿ

ವಿಜಯಪುರಕ್ಕೆ ಪ್ರವಾಸ ಬರುವವರಲ್ಲಿ ಹೆಚ್ಚಿನವರ ಲೆಕ್ಕಾಚಾರ ಒಂದೇ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿಕೊಂಡು ಆಲಮಟ್ಟಿ ಅಣೆಕಟ್ಟಿನ ಹತ್ತಿರ ಊಟ ಮಾಡಿ, ಮಧ್ಯಾಹ್ನದ ಬಿಸಿಲಲ್ಲಿ ಗೋಳಗುಮ್ಮಟದ ಮುಂದೆ ಇಳಿಯುವುದು. ಏದುಸಿರು ಬಿಡುತ್ತಾ ಹತ್ತುವುದು, ಮೇಲೆ ನಿಂತು 'ಓ' ಎಂದು ಕೂಗುವುದು, ಇಳಿದು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುವುದು. ಎಲ್ಲಾ ಸೇರಿ ಒಂದೂವರೆ ಗಂಟೆ. ಇದು ಆ ಊರಿಗೂ ಅನ್ಯಾಯ, ಅಷ್ಟು ದೂರದಿಂದ ದುಡ್ಡು ಖರ್ಚು ಮಾಡಿಕೊಂಡು ಬಂದವರಿಗೂ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಊರಿಗೆ ಕನಿಷ್ಠ ಎರಡು ದಿನ ಬೇಕು. ಅದರಲ್ಲಿ ಮೊದಲ ಬೆಳಗನ್ನು ಗುಮ್ಮಟಕ್ಕೇ ಕೊಡಬೇಕು.

ಮೊದಲು ಒಂದು ತಪ್ಪನ್ನು ತಿದ್ದೋಣ. 'ಪ್ರಪಂಚದ ಎರಡನೇ ಅತಿ ದೊಡ್ಡ ಗುಮ್ಮಟ' ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ಲಿ ನಿಂತಾಗಲೂ ಅದನ್ನೇ ಕೇಳುತ್ತೇವೆ. ಲೆಕ್ಕ ಹಾಗೆ ಬರುವುದಿಲ್ಲ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರವ್ಯಾಸ ಸುಮಾರು 44 ಮೀಟರ್. ರೋಮಿನ ಪುರಾತನ ದೇಗುಲ ಪ್ಯಾಂಥಿಯನ್ನಿನ ಒಳವ್ಯಾಸ 43 ಮೀಟರಿಗೂ ಹೆಚ್ಚು, ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ್ದು 41 ಮೀಟರಿಗೂ ಹೆಚ್ಚು. ಇಟಲಿಯ ಫ್ಲಾರೆನ್ಸಿನ ದೊಡ್ಡ ಚರ್ಚಿನದೂ ಗೋಳಗುಮ್ಮಟಕ್ಕಿಂತ ದೊಡ್ಡದು. ಹಾಗಂತ ನಮ್ಮದು ಕಡಿಮೆಯಾಯಿತೇ? ಇಲ್ಲ. ನಡುವೆ ಒಂದು ಕಂಬವೂ ಇಲ್ಲದೆ ಒಂದೇ ಗುಮ್ಮಟದ ಕೆಳಗೆ ಎಷ್ಟು ನೆಲ ಸಿಗುತ್ತದೆ ಎಂದು ಅಳೆದರೆ ಗೋಳಗುಮ್ಮಟದ್ದು ಸುಮಾರು 1,700 ಚದರ ಮೀಟರ್. ಅದು ಪ್ಯಾಂಥಿಯನ್ನಿನ ನೆಲಕ್ಕಿಂತ ದೊಡ್ಡದು. ಇಷ್ಟು ನಿಜ ಕೈಯಲ್ಲಿರುವಾಗ ಸುಳ್ಳು ಹೆಮ್ಮೆ ನಮಗೇಕೆ?

38 ಮೀಟರ್ ಅಗಲದ ಗುಮ್ಮಟ 41 ಮೀಟರ್ ಅಗಲದ ಕೋಣೆಯನ್ನು ಮುಚ್ಚುವುದು ಹೇಗೆ? ಕೋಣೆಯೋ ಚೌಕ, ಗುಮ್ಮಟವೋ ದುಂಡು. ಇದಕ್ಕೆ ಉತ್ತರ ಕಾಣಬೇಕಾದರೆ ಹತ್ತುವ ಮುಂಚೆ ಕೆಳಗಿನ ನೆಲದಲ್ಲೇ ಹತ್ತು ನಿಮಿಷ ನಿಲ್ಲಬೇಕು. ನಡುವಿನ ಕಟ್ಟೆಯ ಹತ್ತಿರ ನಿಂತರೆ ಸರಿಯಾಗಿ ತಿಳಿಯುವುದಿಲ್ಲ. ಯಾವುದಾದರೂ ಒಂದು ಗೋಡೆಗೆ ಬೆನ್ನು ಕೊಟ್ಟು, ಎದುರಿನ ಮೂಲೆಯ ಮೇಲ್ಭಾಗ ನೋಡಿ. ಪ್ರತಿ ಗೋಡೆಯಲ್ಲೂ ಎರಡು ಕಡೆ ಕಮಾನುಗಳ ಬುಡ ಇದೆ. ಅಲ್ಲಿಂದ ಏಳುವ ಕಮಾನು ನೇರವಾಗಿ ಹೋಗದೆ ಓರೆಯಾಗಿ ಪಕ್ಕದ ಗೋಡೆಗೆ ಹಾಯುತ್ತದೆ. ಹಾಗೆ ಹಾಯುವಾಗ ಪ್ರತಿ ಮೂಲೆಯ ಮುಂದೆ ಎರಡು ಕಮಾನುಗಳು ಒಂದನ್ನೊಂದು ದಾಟುತ್ತವೆ. ಒಟ್ಟು ಎಂಟು ಕಮಾನು. ಕಾಗದದ ಮೇಲೆ ಒಂದು ದೊಡ್ಡ ಚೌಕ ಬರೆದು, ಅದರೊಳಗೆ ಎರಡು ಚೌಕಗಳನ್ನು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಿರುಗಿಸಿ ಕೂಡಿಸಿದರೆ ಎಂಟು ಮೂಲೆಯ ರಂಗೋಲಿ ನಕ್ಷತ್ರವೊಂದು ಮೂಡುತ್ತದಲ್ಲ, ಅದೇ ಇದರ ನಕ್ಷೆ. ಆ ನಕ್ಷತ್ರದ ನಡುವೆ ಉಳಿಯುವ ಎಂಟು ಮೂಲೆಯ ಬಯಲನ್ನು ದುಂಡಗೆ ಮಾಡಿ, ಅದರ ಮೇಲೆ ಗುಮ್ಮಟ ಎಬ್ಬಿಸಿದ್ದಾರೆ.

ಇದರಲ್ಲಿ ಇನ್ನೊಂದು ಜಾಣತನವಿದೆ. ಯಾವ ಗುಮ್ಮಟವಾದರೂ ತನ್ನ ಬುಡವನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಆ ತಳ್ಳುವಿಕೆಗೆ ತಡೆ ಇಲ್ಲದಿದ್ದರೆ ಗೋಡೆ ಬಿರಿಯುತ್ತದೆ. ಇಲ್ಲಿ ಆ ಎಂಟು ಕಮಾನುಗಳ ಮೇಲಿನ ಕಲ್ಲುಗಾರೆಯ ರಾಶಿ ಒಳಕ್ಕೆ ಬಾಗಿ ತೂಗುತ್ತಿದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಈ ರಾಶಿ ಒಳಕ್ಕೆ ಎಳೆಯುತ್ತದೆ. ಗುಮ್ಮಟದ ಗೋಡೆಯೇ ಸುಮಾರು 3 ಮೀಟರ್ ದಪ್ಪ. ಇಟ್ಟಿಗೆಯನ್ನು ಅಡ್ಡಡ್ಡ ವರಸೆಯಲ್ಲಿ ಇಟ್ಟು, ನಡುವೆ ಸುಣ್ಣದ ಗಾರೆಯನ್ನು ದಪ್ಪವಾಗಿ ತುಂಬಿ, ಕೊನೆಗೆ ಅದೆಲ್ಲ ಒಂದೇ ಬಂಡೆಯಂತೆ ಗಟ್ಟಿಯಾಗುವ ಹಾಗೆ ಕಟ್ಟಿದ್ದಾರೆ. ವಿಜಯಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾಹ ತನ್ನ ಸಮಾಧಿಗೆಂದು ಕಟ್ಟಿಸಿದ ಇದರ ಕೆಲಸ ಅವನು ಸತ್ತ 1656ರವರೆಗೂ ನಡೆದಿತ್ತು. ನೆಲದ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಈಗ ಹತ್ತುವ ವಿಷಯ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ, ಎಂಟು ಮೂಲೆಯ ಮಿನಾರುಗಳಿವೆ. ಮೆಟ್ಟಿಲು ಇರುವುದು ಅವುಗಳ ಒಳಗೆ. ನೂರಕ್ಕೂ ಹೆಚ್ಚು ಮೆಟ್ಟಿಲು. ಇಕ್ಕಟ್ಟು, ಒಂದೊಂದೂ ಎತ್ತರ, ಅಲ್ಲಲ್ಲಿ ಕತ್ತಲು. ಹತ್ತುವವರೂ ಇಳಿಯುವವರೂ ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಬೆನ್ನಚೀಲ ದೊಡ್ಡದಿದ್ದರೆ ನಿಮಗೂ ಕಷ್ಟ, ಹಿಂದಿನವರಿಗೂ ಕಷ್ಟ. ಮೊಣಕಾಲು ನೋವಿರುವ ಹಿರಿಯರನ್ನು 'ಇಲ್ಲೀತನಕ ಬಂದು ಹತ್ತದಿದ್ದರೆ ಹೇಗೆ' ಎಂದು ಒತ್ತಾಯ ಮಾಡಬೇಡಿ. ಕಮಾನುಗಳ ಸೊಗಸು ಕೆಳಗಿನಿಂದಲೇ ಚೆನ್ನಾಗಿ ಕಾಣುವುದು. ಅವರಿಗೆ ಒಂದು ಗೋಡೆಯ ಬದಿ ತೋರಿಸಿ ಕೂರಿಸಿದರೆ ನಿಮಗಿಂತ ಹೆಚ್ಚೇ ನೋಡಿರುತ್ತಾರೆ.

ಮೆಟ್ಟಿಲು ಮುಗಿದಾಗ ಮಾಳಿಗೆಗೆ ಬರುತ್ತೀರಿ. ಅಲ್ಲಿಂದ ಗುಮ್ಮಟದ ದಪ್ಪ ಗೋಡೆ ಕೊರೆದ ಸಣ್ಣ ಬಾಗಿಲಿನಲ್ಲಿ ಒಳಗೆ ಹೋದರೆ ಪಿಸುಗುಟ್ಟುವ ಮೊಗಸಾಲೆ, ಅಂದರೆ ಗುಮ್ಮಟದ ಒಳಗೋಡೆಯ ಸುತ್ತ ದುಂಡಗೆ ಹಾಯುವ ಓಣಿ. ನೆಲದಿಂದ ಸುಮಾರು 33 ಮೀಟರ್ ಎತ್ತರ, ಅಗಲ 3 ಮೀಟರಿಗೆ ಸ್ವಲ್ಪ ಹೆಚ್ಚು. ಮಕ್ಕಳ ಕೈ ಹಿಡಿದಿರಿ, ಒಳ ಅಂಚಿಗೆ ಬಾಗಿ ಸೆಲ್ಫಿ ತೆಗೆಯುವುದು ಬೇಡವೇ ಬೇಡ.

ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಸದ್ದು ಎದುರಿನ ಗೋಡೆಗೆ ಬಡಿದು ವಾಪಸಾಗಲು ಸುಮಾರು 76 ಮೀಟರ್ ಹಾದಿ, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಒಂದು ಚಪ್ಪಾಳೆ ಏಳೋ ಹತ್ತೋ ಸಲ ಮರುದನಿಸಿ ಅಡಗಲು ಸುಮಾರು ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡನ್ನು ಯಾರೂ ಬಿಡುವುದಿಲ್ಲ. ಒಬ್ಬರ ಕೂಗು ಅಡಗುವ ಮುಂಚೆ ಇನ್ನೊಬ್ಬರ ಸಿಳ್ಳೆ, ಅದರ ಮೇಲೆ ಮತ್ತೊಬ್ಬರ ಕೇಕೆ. ಐವತ್ತು ಜನ ಒಟ್ಟಿಗೆ ಕೂಗಿದಾಗ ಅಲ್ಲಿ ಕೇಳುವುದು ಪ್ರತಿಧ್ವನಿಯಲ್ಲ, ಬರೀ ಗದ್ದಲ. ಕಿವಿ ಮುಚ್ಚಿಕೊಂಡು ಹೊರಗೆ ಬಂದವರು 'ಏನೂ ಕೇಳಲಿಲ್ಲಪ್ಪ' ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಮಾಡಿ ನೋಡಿ. ವಾರದ ನಡುವಿನ ದಿನ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸಗಳ ಸುಗ್ಗಿ, ಆಗಂತೂ ಒಂಬತ್ತು ಗಂಟೆಯ ಮೇಲೆ ಹೋಗಿ ಪ್ರಯೋಜನವಿಲ್ಲ. ಇಬ್ಬರು ಮೊಗಸಾಲೆಯ ಎದುರುಬದುರು ತುದಿಗಳಿಗೆ ಹೋಗಿ. ಒಬ್ಬರು ಗೋಡೆಯ ಹತ್ತಿರ ಬಾಯಿ ತಂದು, ನಡುವಿನ ಬಯಲಿನ ಕಡೆಗಲ್ಲ, ಗೋಡೆಯುದ್ದಕ್ಕೆ ಹಾಯುವಂತೆ ಮುಖ ತಿರುಗಿಸಿ, ಉಸಿರಿನ ದನಿಯಲ್ಲಿ ನಿಧಾನವಾಗಿ ಒಂದು ಹೆಸರು ಹೇಳಿ. ಇನ್ನೊಬ್ಬರು ಗೋಡೆಗೆ ಕಿವಿ ಕೊಟ್ಟಿರಲಿ. ದನಿ ಆ ದುಂಡು ಗೋಡೆಯನ್ನೇ ಹಿಡಿದು ಸುಮಾರು 60 ಮೀಟರ್ ಜಾರಿಕೊಂಡು ಹೋಗಿ, ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ಗಬಗಬ ಮಾತಾಡಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಅದಕ್ಕೇ ನಿಧಾನ ಬೇಕು. ಆಮೇಲೆ ಒಂದು ಕಾಗದ ಹರಿಯಿರಿ. ಕೊನೆಗೆ ಒಂದೇ ಒಂದು ಚಪ್ಪಾಳೆ ತಟ್ಟಿ, ಮನಸ್ಸಿನಲ್ಲೇ ಎಣಿಸಿ.

ಆ ಗೋಡೆಯ ಮೇಲೆ ಹೆಸರು ಕೆತ್ತುವವರ ಬಗ್ಗೆ ಒಂದು ಮಾತು. ಪಿಸುಮಾತು ಜಾರಿಕೊಂಡು ಹೋಗುವುದು ನುಣುಪಾದ ಗಾರೆಯ ಮೇಲೆ. ಕೀಲಿಕೈಯಿಂದ ಗೀರಿದಷ್ಟೂ ಆ ಹಾದಿಯನ್ನೇ ಒರಟು ಮಾಡುತ್ತೀರಿ. ಕೆತ್ತುತ್ತಿರುವವರನ್ನು ಕಂಡರೆ ದಯವಿಟ್ಟು ಸುಮ್ಮನೆ ದಾಟಿ ಹೋಗಬೇಡಿ, ತಡೆಯಿರಿ.

ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ.

ಇನ್ನು ಊರಿನ ಇನ್ನೊಂದು ತುದಿ. ಪಶ್ಚಿಮದ ಕೋಟೆಗೋಡೆಯ ಹೊರಗಿರುವ ಇಬ್ರಾಹಿಂ ರೋಜಾ ನನ್ನ ಮಟ್ಟಿಗೆ ಗೋಳಗುಮ್ಮಟಕ್ಕಿಂತ ದೊಡ್ಡ ಕೆಲಸ. ಗಾತ್ರದಲ್ಲಿ ಅಲ್ಲ, ಕೈಚಳಕದಲ್ಲಿ. 1627ರಲ್ಲಿ ಸತ್ತ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಇದು. ಕಟ್ಟಿದವನು ಮಲಿಕ್ ಸಂದಲ್. ಗೋರಿ ಇರುವ ಕೋಣೆ ಸುಮಾರು 12 ಮೀಟರ್ ಚೌಕ. ಅದರ ಸೂರು ಸುತ್ತಲೂ ಸ್ವಲ್ಪ ಬಾಗಿ ಬಂದು, ನಡುವೆ ಸುಮಾರು 7 ಮೀಟರ್ ಚೌಕದಷ್ಟು ಪೂರ್ತಿ ಚಪ್ಪಟೆಯಾಗಿದೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಅಕ್ಕಪಕ್ಕ ಜೋಡಿಸಿದ ಕಲ್ಲುಚಪ್ಪಡಿಗಳನ್ನು ಹಿಡಿದಿಟ್ಟಿರುವುದು ಗಾರೆಯ ಬಿಗಿಯೇ. ಗೋಳಗುಮ್ಮಟ ನೋಡಿ ಬಂದ ಕಣ್ಣಿಗೆ ಇದು ಏನೂ ಅಲ್ಲ ಎನಿಸಿಬಿಡುತ್ತದೆ, ತಲೆಯೆತ್ತಿ ನೋಡದೆ ಹೊರಬರುವವರೇ ಹೆಚ್ಚು. ಕಿಟಕಿಗಳನ್ನೂ ನೋಡಿ. ಅಲ್ಲಿ ಕಲ್ಲಿನ ಜಾಲರಿ ಎಂದು ಕಾಣುವುದು ನಿಜದಲ್ಲಿ ಅರಬ್ಬಿ ಅಕ್ಷರಗಳು. ಅಕ್ಷರಗಳು ಕಲ್ಲಾಗಿ ಉಳಿದು, ಅವುಗಳ ನಡುವಿನ ಜಾಗ ಬೆಳಕಿಗೆ ದಾರಿಯಾಗಿದೆ. ಕೋಣೆಯೊಳಗೆ ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟರೆ ಮಾತ್ರ ಅದು ಕಾಣುತ್ತದೆ.

ಅಲ್ಲಿಂದ ವಾಪಸು ಬರುವಾಗ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. ಸುಮಾರು 55 ಟನ್ ತೂಕದ ಈ ಕಂಚಿನ ತೋಪನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದನಗರದಲ್ಲಿ. ಬಾಯಿಯ ಎರಡೂ ಬದಿಗೆ ಆನೆಯನ್ನು ಜಗಿಯುತ್ತಿರುವ ಸಿಂಹದ ಮುಖ ಕಡೆದಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಬೆಲೆ ತೀರಾ ಕಡಿಮೆಯಾಯಿತೆಂದು ಮಾರಾಟ ರದ್ದಾದದ್ದರಿಂದ ತೋಪು ಇಂದಿಗೂ ಇಲ್ಲಿದೆ. ಹತ್ತಿರದಲ್ಲೇ 1584ರ ಉಪ್ಪಲಿ ಬುರುಜು, ಸುಮಾರು 24 ಮೀಟರ್ ಎತ್ತರ, ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತದೆ. ಸಂಜೆ ಐದರ ಸುಮಾರಿಗೆ ಹತ್ತಿದರೆ ಊರು ಪೂರ್ತಿ ಕಾಣುತ್ತದೆ, ಪೂರ್ವಕ್ಕೆ ಗೋಳಗುಮ್ಮಟವೂ.

ಎರಡನೇ ದಿನವನ್ನು ನೀರಿಗೆ ಇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ನದಿಯಿಲ್ಲದ, ಮಳೆ ಕಡಿಮೆಯ ಕರಿಕಲ್ಲಿನ ನೆಲದಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಹೇಗೆ ಎಂಬುದಕ್ಕೆ ಉತ್ತರ ಗುಮ್ಮಟದಲ್ಲಿಲ್ಲ. ಪಶ್ಚಿಮದ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಪಂಪು ಯಂತ್ರ ಏನೂ ಇಲ್ಲದೆ ನೀರು ತಂದರು. ಅದೇ ಕರೇಜ್. ಅಲ್ಲಲ್ಲಿ ಮೇಲಕ್ಕೆ ಬಾಯಿಬಿಟ್ಟ ಬಾವಿಗಳಿರುವುದು ಗಾಳಿಗೆ, ಮತ್ತೆ ಇಳಿದು ಹೂಳು ತೆಗೆಯುವುದಕ್ಕೆ. ದಕ್ಷಿಣಕ್ಕೆ 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರೊಳಗೆ ನೀರು ತಂದರು. ಊರಲ್ಲಿ ತಾಜ್ ಬಾವಡಿ ಎಂಬ ದೊಡ್ಡ ಬಾವಿ ನೋಡಿ, ಅದರ ಬಾಗಿಲಿನ ಕಮಾನೇ ಸುಮಾರು 10 ಮೀಟರ್ ಅಗಲ.

ಆಟೋದವರಿಗೆ ಹೇಳುವಾಗ 'ಗಂಜ್ ತೋರಿಸಿ' ಎಂದೂ ಸೇರಿಸಿ. ಬೀದಿಬದಿಯಲ್ಲಿ, ಮನೆಗಳ ಸಂದಿಯಲ್ಲಿ ಎತ್ತರವಾಗಿ ನಿಂತಿರುವ ಚೌಕ ಕಲ್ಲುಗೋಪುರಗಳವು. ಅದೇನೆಂದು ಕೇಳುವವರು ಕಡಿಮೆ, ಪ್ರವಾಸಿಗಳಿಗೆ ತೋರಿಸುವವರು ಇನ್ನೂ ಕಡಿಮೆ. ದೂರದ ಕೆರೆಯಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆಗಳು ಸಂದುಗಳಲ್ಲಿ ಒಡೆಯುತ್ತವೆ. ಅದಕ್ಕೆ ಹಾದಿಯಲ್ಲಿ ಇಂಥ ಗೋಪುರ ಕಟ್ಟಿ, ನೀರು ಅದರೊಳಗೆ ಏರಿ ಒತ್ತಡ ಕಳೆದುಕೊಂಡು ಮುಂದೆ ಹೋಗುವಂತೆ ಮಾಡಿದರು. ಏರಿ ನಿಂತಾಗ ನೀರಿನ ಹೂಳು ತಳಕ್ಕೆ ಇಳಿಯುತ್ತಿತ್ತು, ತಿಳಿನೀರು ಮುಂದಿನ ಓಣಿಗೆ ಹರಿಯುತ್ತಿತ್ತು.